ಸೊಂಟದ ಬಟ್ಟಲು ಮುರಿದ ಹಿರಿಯರಿಗೆ ಯಾವ ಆಪರೇಷನ್? ಮುಂಬಯಿಯ ಕನ್ನಡ ಮನೆಗಳಿಗೊಂದು ಮಾರ್ಗದರ್ಶಿ

“ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟ ಮುರಿದಿದೆಯಂತೆ. ಒಬ್ಬ ಡಾಕ್ಟರು ಆಪರೇಷನ್ ಬೇಡ ಅನ್ನುತ್ತಾರೆ, ಇನ್ನೊಬ್ಬರು ಪ್ಲೇಟು ಹಾಕಬೇಕು ಅನ್ನುತ್ತಾರೆ, ಮೂರನೆಯವರು ಕೀಲನ್ನೇ ಬದಲಿಸೋಣ ಅನ್ನುತ್ತಾರೆ. ಯಾರನ್ನು ನಂಬುವುದು?” ಡೊಂಬಿವಲಿ, ಮೀರಾ ರೋಡ್, ಗೋರೆಗಾಂವ್, ಘಾಟ್ಕೋಪರ್ ಕಡೆಯ ಕನ್ನಡ ಮನೆಗಳಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಮುರಿದಿರುವುದು ಸೊಂಟದ ಬಟ್ಟಲಾಗಿದ್ದರೆ ಮೂವರ ಮಾತಿಗೂ ಆಧಾರ ಇರಬಹುದು. ಈ ಮುರಿತಕ್ಕೆ ಎಲ್ಲರಿಗೂ ಒಪ್ಪುವ ಒಂದೇ ಆಪರೇಷನ್ ಇಲ್ಲ. ಮೂಳೆ ಹೇಗೆ ಮುರಿದಿದೆ, ಎಷ್ಟು ಸವೆದಿದೆ, ಬೀಳುವ ಮುಂಚೆ ಅವರು ಎಷ್ಟು ನಡೆಯುತ್ತಿದ್ದರು ಎಂಬುದರ ಮೇಲೆ ದಾರಿ ಬೇರೆಯಾಗುತ್ತದೆ.

ಮೊದಲು ಕೀಲು ಹೇಗಿದೆ ಎಂದು ತಿಳಿದುಕೊಳ್ಳಿ. ರುಬ್ಬುವ ಒರಳನ್ನು ನೆನಪಿಸಿಕೊಳ್ಳಿ. ಒರಳಿನ ಗುಳಿಯಲ್ಲಿ ಗುಂಡುಕಲ್ಲು ತಿರುಗುವ ಹಾಗೆ ಸೊಂಟದ ಮೂಳೆಯ ಬಟ್ಟಲಿನಲ್ಲಿ ತೊಡೆಮೂಳೆಯ ಗುಂಡು ತಿರುಗುತ್ತದೆ. ಈ ಬಟ್ಟಲಿಗೆ ಡಾಕ್ಟರುಗಳು ಅಸಿಟ್ಯಾಬ್ಯುಲಮ್ ಎನ್ನುತ್ತಾರೆ. ವಯಸ್ಸಾದವರು ಬಿದ್ದಾಗ ಹೆಚ್ಚಾಗಿ ಮುರಿಯುವುದು ಗುಂಡಿನ ಕೆಳಗಿನ ಕತ್ತು. ಅದಕ್ಕೆ ಸಾಧ್ಯವಾದರೆ 24ರಿಂದ 48 ಗಂಟೆಯೊಳಗೆ ಆಪರೇಷನ್ ಮಾಡುತ್ತಾರೆ. ಬಟ್ಟಲು ಮುರಿದರೆ ಲೆಕ್ಕವೇ ಬೇರೆ. ಅಲ್ಲಿ ಅವಸರಕ್ಕಿಂತ ಸರಿಯಾದ ಸ್ಕ್ಯಾನು, ಸರಿಯಾದ ಸರ್ಜನ್ ಮುಖ್ಯ. ಪಕ್ಕದ ಮನೆಯ ಅಜ್ಜಿಗೆ ಮರುದಿನವೇ ಆಪರೇಷನ್ ಆಯಿತು, ನಮಗೇಕೆ ಐದು ದಿನ ಕಾಯಿಸುತ್ತಿದ್ದಾರೆ ಎಂಬ ಸಂಕಟಕ್ಕೆ ಕಾರಣ ಬಹಳ ಸಲ ಇಷ್ಟೇ.

ಹಂತ 1: ಬಿದ್ದ ಮೊದಲ ಗಂಟೆಗಳು

ಎಬ್ಬಿಸಿ ನಿಲ್ಲಿಸಿ ನೋಡಬೇಡಿ. ಎಣ್ಣೆ ಹಚ್ಚಿ ನೀವಬೇಡಿ, ಕಾಲು ಎಳೆಯಬೇಡಿ. ಬಟ್ಟಲು ಮಾಂಸಖಂಡಗಳ ಆಳದಲ್ಲಿದೆ, ನಾಟಿ ವೈದ್ಯರ ಯಾವ ಕಟ್ಟೂ ಅಲ್ಲಿಗೆ ತಲುಪುವುದಿಲ್ಲ. ಆ ಎಳೆದಾಟದಲ್ಲಿ ತುಂಡುಗಳು ಇನ್ನಷ್ಟು ಸರಿಯುತ್ತವೆ.

108ಕ್ಕೆ ಕರೆ ಮಾಡಿ. ಲಿಫ್ಟ್ ಇಲ್ಲದ ಹಳೆಯ ಕಟ್ಟಡಗಳಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ವರು ಹೊತ್ತು ಇಳಿಸುವುದು ರೂಢಿ. ಇಲ್ಲಿ ಅದು ಬೇಡ. ಕೂತ ಭಂಗಿಯಲ್ಲಿ ಸೊಂಟ ಮಡಚಿ, ಬಟ್ಟಲಿನ ಹಿಂಗೋಡೆ ಮುರಿದಿದ್ದರೆ ಗುಂಡು ಜಾರಿ ಹೊರಬರುವ ಅಪಾಯ ಉಂಟು. ಸ್ಟ್ರೆಚರ್ ಮೇಲೆ ಮಲಗಿಸಿ, ಎರಡು ಕಾಲುಗಳ ನಡುವೆ ದಿಂಬಿಟ್ಟು, ಬಟ್ಟೆಯಿಂದ ಸಡಿಲವಾಗಿ ಕಟ್ಟಿ ಇಳಿಸಿ.

ಹೊರಡುವ ಮುಂಚೆ ಎರಡು ಸಂಗತಿ ನೋಡಿಕೊಳ್ಳಿ. ಒಂದು, ಕಾಲು ಗಿಡ್ಡವಾಗಿ ಒಳಮುಖ ತಿರುಗಿಕೊಂಡಿದೆಯೇ? ಹಾಗಿದ್ದರೆ ಗುಂಡು ಬಟ್ಟಲಿನಿಂದ ಜಾರಿರಬಹುದು. ಇದು ಮಾತ್ರ ನಿಜವಾದ ತುರ್ತು, 6 ಗಂಟೆಯೊಳಗೆ ಗುಂಡನ್ನು ಒಳಗೆ ಕೂರಿಸಬೇಕು, ತಡವಾದಷ್ಟೂ ಗುಂಡಿಗೆ ರಕ್ತ ಕೊಡುವ ನಾಳಗಳು ಹಾಳಾಗುತ್ತವೆ. ಎರಡು, ಪಾದವನ್ನೂ ಹೆಬ್ಬೆರಳನ್ನೂ ಮೇಲಕ್ಕೆ ಎತ್ತಲು ಬರುತ್ತದೆಯೇ? ಬರದಿದ್ದರೆ ಸಯಾಟಿಕ್ ನರಕ್ಕೆ, ಅಂದರೆ ಸೊಂಟದ ಹಿಂಭಾಗದಿಂದ ಕಾಲಿಗೆ ಇಳಿಯುವ ದಪ್ಪ ನರಕ್ಕೆ, ಪೆಟ್ಟಾಗಿರಬಹುದು. ಆಸ್ಪತ್ರೆಗೆ ಕಾಲಿಟ್ಟ ಕೂಡಲೇ ಈ ಎರಡನ್ನೂ ಹೇಳಿ, ಕೇಸ್ ಪೇಪರಿನಲ್ಲಿ ಬರೆಸಿ.

ಕಾಲು ನೋಡಲು ನೆಟ್ಟಗೇ ಇದೆ, ಹಾಗಾದರೆ ಏನೂ ಮುರಿದಿಲ್ಲ ಎಂದುಕೊಳ್ಳಬೇಡಿ. ಬಟ್ಟಲಿನ ಮುರಿತದಲ್ಲಿ ಹೊರನೋಟಕ್ಕೆ ಏನೂ ಕಾಣದಿರುವುದು ಸಾಮಾನ್ಯ. ಕೆಲವರು ನಾಲ್ಕು ಹೆಜ್ಜೆ ಇಟ್ಟುಬಿಡುತ್ತಾರೆ.

ಹಂತ 2: ಯಾವ ಮೂಳೆ, ಹೇಗೆ ಮುರಿದಿದೆ

ಮುಂಬಯಿಯ ಕನ್ನಡಿಗರು ಇಲ್ಲಿ ಒಂದು ಭಾಷೆಯ ತೊಡಕಿನಲ್ಲಿ ಬೀಳುತ್ತಾರೆ. ನಮ್ಮ ಹಿರಿಯರು ಮಂಡಿ ಎಂದರೆ ಮೊಣಕಾಲು. ಮರಾಠಿಯ ಮಾಂಡಿ ಎಂದರೆ ತೊಡೆ. ನಾವು ಸೊಂಟ ಎಂದಿದ್ದನ್ನು ಜೊತೆಗಿದ್ದವರು ಕಂಬರ್ ಎಂದು ಅನುವಾದಿಸಿದರೆ ಕೇಳಿದವರಿಗೆ ಅದು ನಡು, ಬೆನ್ನಿನ ಕೆಳಭಾಗ. ಆಗ ಬೆನ್ನುಮೂಳೆಯ ಎಕ್ಸ್‌ರೇ ತೆಗೆದು “ಏನೂ ಇಲ್ಲ” ಎಂದು ಮನೆಗೆ ಕಳಿಸುವ ಸಾಧ್ಯತೆ ಇದೆ. ಮರಾಠಿಯಲ್ಲಿ ಸೊಂಟದ ಕೀಲಿಗೆ ಖುಬಾ ಎನ್ನುತ್ತಾರೆ, ಆ ಮಾತು ಬಳಸಿ. ಅದಕ್ಕಿಂತ ಒಳ್ಳೆಯದು, ನೋವಿರುವ ಜಾಗವನ್ನು ಬೆರಳಿಟ್ಟು ತೋರಿಸುವುದು. ಬಟ್ಟಲಿನ ನೋವು ಸಾಮಾನ್ಯವಾಗಿ ತೊಡೆಸಂದಿಯಲ್ಲಿ ಇರುತ್ತದೆ. ಅದೇ ನೋವು ಮೊಣಕಾಲಿಗೂ ಇಳಿಯುವುದರಿಂದ ಬರಿಯ ಮೊಣಕಾಲಿನ ಎಕ್ಸ್‌ರೇಯಲ್ಲಿ ಪರೀಕ್ಷೆ ಮುಗಿಯಬಾರದು.

ಕೇಳಿ ಪಡೆಯಬೇಕಾದ ಚಿತ್ರಗಳು ಇವು. ಮೊದಲು ಇಡೀ ಸೊಂಟದ ಎದುರುಭಾಗದ ಎಕ್ಸ್‌ರೇ. ಆಮೇಲೆ ದೇಹವನ್ನು 45 ಡಿಗ್ರಿ ಓರೆ ಮಾಡಿ ತೆಗೆಯುವ ಎರಡು ಎಕ್ಸ್‌ರೇ, ಇವಕ್ಕೆ ಜುಡೆ ವ್ಯೂ ಎಂದು ಹೆಸರು. ಪ್ಯಾರಿಸ್ಸಿನ ರಾಬರ್ಟ್ ಜುಡೆ ಮತ್ತು ಎಮಿಲ್ ಲೆಟೂರ್ನೆಲ್ 1960ರ ದಶಕದಲ್ಲಿ ಬಟ್ಟಲಿನ ಮುರಿತಗಳನ್ನು 5 ಸರಳ, 5 ಸಂಯುಕ್ತ ಬಗೆಗಳಾಗಿ ವಿಂಗಡಿಸಿದರು. ಇಂದಿಗೂ ಸರ್ಜನ್‌ಗಳು ಮಾತಾಡುವುದು ಆ ಹತ್ತರ ಲೆಕ್ಕದಲ್ಲೇ. ಕೊನೆಯದಾಗಿ 1ರಿಂದ 2 ಮಿಲಿಮೀಟರ್ ತೆಳು ಪದರಗಳ ಸಿ.ಟಿ. ಸ್ಕ್ಯಾನ್, ಜೊತೆಗೆ ಅದರ 3ಡಿ ಚಿತ್ರ. ಸಿ.ಟಿ. ನೋಡದೆ ಈ ಮುರಿತಕ್ಕೆ ಆಪರೇಷನ್ ನಿರ್ಧರಿಸುತ್ತಿದ್ದರೆ, ಅಥವಾ ಬೇಡ ಎನ್ನುತ್ತಿದ್ದರೆ, ಅಲ್ಲೇ ತಡೆದು ಕೇಳಿ. ಎಕ್ಸ್‌ರೇ ಚೆನ್ನಾಗಿದೆ, ಆದರೆ ಹೆಜ್ಜೆ ಇಟ್ಟರೆ ತೊಡೆಸಂದಿ ನೋಯುತ್ತದೆ ಎಂದಾದರೆ ಸಿ.ಟಿ. ಅಥವಾ ಎಂ.ಆರ್.ಐ. ಬೇಕೇ ಎಂದು ವಿಚಾರಿಸಿ. ಸವೆದ ಮೂಳೆಯ ಸಣ್ಣ ಬಿರುಕು ಬಹಳ ಸಲ ಎಕ್ಸ್‌ರೇಗೆ ಸಿಗುವುದಿಲ್ಲ.

ರಿಪೋರ್ಟಿನಲ್ಲಿ ನಾಲ್ಕು ಸಂಗತಿ ಹುಡುಕಿ, ಮುಂದಿನ ದಾರಿ ನಿಂತಿರುವುದು ಇವುಗಳ ಮೇಲೆ.

ಚಾವಣಿ ಕುಸಿದಿದೆಯೇ? ನಿಂತಾಗ ದೇಹದ ಭಾರ ಬೀಳುವುದು ಬಟ್ಟಲಿನ ಮೇಲ್ಭಾಗದ ಕಮಾನಿನ ಮೇಲೆ, ಅದಕ್ಕೆ ಡೋಮ್ ಎನ್ನುತ್ತಾರೆ. ಅದರ ಒಳಭಾಗ ಕುಸಿದರೆ ಎಕ್ಸ್‌ರೇಯಲ್ಲಿ ರೆಕ್ಕೆ ಚಾಚಿದ ಕಡಲಹಕ್ಕಿಯ ಆಕಾರ ಕಾಣುತ್ತದೆ. ಇದಕ್ಕೆ ಗಲ್ ಸೈನ್ ಎಂದು ಹೆಸರು. ವಯಸ್ಸಾದವರಲ್ಲಿ ಇದು ಕಂಡರೆ ಬರಿಯ ಪ್ಲೇಟಿನಿಂದ ಕೀಲು ಉಳಿಯುವ ಭರವಸೆ ಕಡಿಮೆ.

ಒಳಗೋಡೆ ಒಡೆದಿದೆಯೇ? ಪಕ್ಕಕ್ಕೆ ಬಿದ್ದಾಗ ಪೆಟ್ಟು ತೊಡೆಮೂಳೆಯ ಮೂಲಕ ಸಾಗಿ ಗುಂಡು ಒಳಗೋಡೆಗೆ ಗುದ್ದುತ್ತದೆ. ಹಿರಿಯರಲ್ಲಿ ಮುಂಭಾಗ ಮತ್ತು ಒಳಗೋಡೆ ಒಡೆದು ಗುಂಡು ಒಳಕ್ಕೆ ನುಗ್ಗಿರುವುದೇ ಹೆಚ್ಚು. ಒಳಗೋಡೆಗೆ ರಿಪೋರ್ಟಿನಲ್ಲಿ ಕ್ವಾಡ್ರಿಲ್ಯಾಟರಲ್ ಪ್ಲೇಟ್ ಎಂದು ಬರೆದಿರುತ್ತಾರೆ. ಅಲ್ಲಿ ಪ್ಲೇಟ್ ಎಂದರೆ ಲೋಹದ ಪಟ್ಟಿಯಲ್ಲ, ಮೂಳೆಯೇ. ಇದನ್ನು ಓದಿ ಯಾರೂ ಹೆದರಬೇಡಿ.

ಗುಂಡಿಗೆ ಪೆಟ್ಟಾಗಿದೆಯೇ? ಕೀಲು ಮೊದಲೇ ಸವೆದಿತ್ತೇ? ಈ ಎರಡಕ್ಕೂ ಉತ್ತರ “ಇಲ್ಲ” ಎಂದಾದರೆ ಇರುವ ಕೀಲನ್ನೇ ಉಳಿಸುವ ಮಾತಿಗೆ ಬಲ ಬರುತ್ತದೆ.

ಹಂತ 3: ಎಲ್ಲಿ ತೋರಿಸುವುದು, ಯಾವ ಕಾಗದ ಬೇಕು

ಮೊಣಕಾಲು ಬದಲಿಸುವುದರಲ್ಲಿ ಹೆಸರಾದವರಿಗೆಲ್ಲ ಬಟ್ಟಲಿನ ಮುರಿತದ ಕೈಪಳಗಿರುವುದಿಲ್ಲ. ಇದಕ್ಕೆ ಪೆಲ್ವಿಕ್-ಅಸಿಟ್ಯಾಬ್ಯುಲರ್ ಸರ್ಜನ್ ಎಂಬ ಪ್ರತ್ಯೇಕ ಪರಿಣತಿ ಇದೆ. ನೇರವಾಗಿ ಕೇಳಿ: ಇಂಥ ಮುರಿತಕ್ಕೆ ನೀವು ವರ್ಷಕ್ಕೆ ಎಷ್ಟು ಆಪರೇಷನ್ ಮಾಡುತ್ತೀರಿ? ಪ್ಲೇಟು ಹಾಕುವುದು, ಕೀಲು ಬದಲಿಸುವುದು ಎರಡೂ ನಿಮ್ಮಲ್ಲಿ ಆಗುತ್ತದೆಯೇ? ಒಂದೇ ಕೆಲಸ ಬಲ್ಲವರು ಎಲ್ಲರಿಗೂ ಆ ಒಂದನ್ನೇ ಸೂಚಿಸುವ ಅಪಾಯ ಉಂಟು. ಪರೇಲಿನ ಕೆ.ಇ.ಎಂ., ಸಯನ್‌ನ ಲೋಕಮಾನ್ಯ ತಿಲಕ್, ಮುಂಬಯಿ ಸೆಂಟ್ರಲ್‌ನ ನಾಯರ್ ಮಹಾನಗರ ಪಾಲಿಕೆಯ ಬೋಧನಾ ಆಸ್ಪತ್ರೆಗಳು, ಭಾಯ್ಖಳಾದ ಜೆ.ಜೆ. ರಾಜ್ಯ ಸರಕಾರದ್ದು. ಉಪನಗರದ ಸಣ್ಣ ನರ್ಸಿಂಗ್ ಹೋಮಿನಲ್ಲಿ ಐ.ಸಿ.ಯು., ರಕ್ತ, ಸಿ.ಟಿ. ಮೂರೂ ಒಂದೇ ಸೂರಿನಡಿ ಇಲ್ಲದಿದ್ದರೆ ಮೊದಲ ಎರಡು ದಿನದಲ್ಲೇ ಸ್ಥಳ ಬದಲಿಸಿ. ಹತ್ತನೆಯ ದಿನಕ್ಕೆ ಬದಲಿಸಿದರೆ ಹೊಸ ಸರ್ಜನ್‌ಗೆ ಸಮಯ ಉಳಿಯುವುದಿಲ್ಲ. ಈ ಆಪರೇಷನ್ ಸಾಮಾನ್ಯವಾಗಿ ಮೊದಲ ವಾರದೊಳಗೆ ಆಗುತ್ತದೆ. ಎರಡು ವಾರ ಕಳೆದರೆ ಕೆಲಸ ಕಷ್ಟ. ಮೂರು ವಾರಕ್ಕೆ ತುಂಡುಗಳು ತಪ್ಪು ಜಾಗದಲ್ಲೇ ಬೆಸೆದುಕೊಳ್ಳತೊಡಗುತ್ತವೆ.

ಹಣದ ವಿಷಯ. 70 ದಾಟಿದವರಿಗೆ ಆದಾಯ ನೋಡದೆ ಆಯುಷ್ಮಾನ್ ವಯ ವಂದನಾ ಕಾರ್ಡ್ ಸಿಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಯೋಜನೆ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಆಧಾರ್ ಸಾಕು. ಇದು ಕೇಂದ್ರದ್ದು, ಆದ್ದರಿಂದ ಆಧಾರಿನಲ್ಲಿ ಕಲಬುರಗಿಯ ಅಥವಾ ಉಡುಪಿಯ ವಿಳಾಸವಿದ್ದರೂ ಯೋಜನೆಗೆ ಸೇರಿದ ಮುಂಬಯಿಯ ಆಸ್ಪತ್ರೆಯಲ್ಲಿ ನಡೆಯುತ್ತದೆ. ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ರಾಜ್ಯದ್ದು, ಅದಕ್ಕೆ ಇಲ್ಲಿನ ದಾಖಲೆ ಕೇಳುತ್ತಾರೆ. ಊರಿನ ರೇಷನ್ ಕಾರ್ಡ್ ಮಾತ್ರ ಇರುವ ತಂದೆತಾಯಿಗಳ ವಿಷಯದಲ್ಲಿ ಮಕ್ಕಳು ಎಡವುವುದು ಇಲ್ಲೇ. ಆಸ್ಪತ್ರೆಯ ಆರೋಗ್ಯಮಿತ್ರರ, ಅಂದರೆ ಯೋಜನೆಯ ನೆರವು ಸಿಬ್ಬಂದಿಯ, ಮೇಜಿನಲ್ಲಿ ಕೇಳಬೇಕಾದ್ದು ಎರಡು: ಈ ಆಪರೇಷನ್ ಯಾವ ಪ್ಯಾಕೇಜಿನಲ್ಲಿ ಬರುತ್ತದೆ, ಪ್ಲೇಟು ಅಥವಾ ಕೃತಕ ಕೀಲಿನ ಬೆಲೆ ಅದರೊಳಗಿದೆಯೇ ಹೊರಗಿದೆಯೇ. ಅನುಮತಿ ಬರುವ ಮುಂಚೆ ಕೈಯಿಂದ ಕಟ್ಟಿದ ಹಣ ವಾಪಸು ಬರುತ್ತದೆ ಎಂದು ನಂಬಿಕೊಳ್ಳಬೇಡಿ.

ಹಂತ 4: ಕಾಯುವ ದಿನಗಳಲ್ಲಿ

ದಿನಾ ನುಂಗುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ಸ್ಟ್ರಿಪ್ಪುಗಳ ಸಮೇತ ಅರಿವಳಿಕೆ ವೈದ್ಯರಿಗೆ ತೋರಿಸಿ. ರಕ್ತ ತೆಳುಮಾಡುವ ಕ್ಲೋಪಿಡೋಗ್ರೆಲ್ ಇದ್ದರೆ ಬೆನ್ನಿಗೆ ಚುಚ್ಚುವ ಅರಿವಳಿಕೆಗೆ ಸಾಮಾನ್ಯವಾಗಿ 5ರಿಂದ 7 ದಿನ ಅಂತರ ಬೇಕಾಗುತ್ತದೆ. ಆಸ್ಪಿರಿನ್ ಒಂದೇ ಆದರೆ ಬಹಳ ಸಲ ನಿಲ್ಲಿಸುವುದಿಲ್ಲ. ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ನುಂಗುವವರು ಈಗ ಬಹಳ. ಇವನ್ನು ಆಪರೇಷನ್‌ಗೆ 3 ದಿನ ಮುಂಚೆಯೇ ನಿಲ್ಲಿಸುತ್ತಾರೆ, ಇಲ್ಲದಿದ್ದರೆ ಸಕ್ಕರೆ ಸರಿಯಿದ್ದಾಗಲೂ ರಕ್ತ ಆಮ್ಲೀಯವಾಗುವ ಅಪಾಯವಿದೆ. ಸಕ್ಕರೆ ಮಾತ್ರೆ ತಗೊಳ್ತಾರೆ ಎಂದಷ್ಟೇ ಹೇಳಿದರೆ ಇದು ತಪ್ಪಿಹೋಗುತ್ತದೆ, ಹೆಸರು ಹೇಳಿ. ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಎದೆಗೆ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಅದು ಪ್ರಾಣಕ್ಕೆ ಬರಬಹುದು.

ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು ಈ ದಿನಗಳ ದೊಡ್ಡ ಶತ್ರು. ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ನಿಮಿಷಗಳಲ್ಲಿ ಅನಾಹುತ. ತಡೆಯಲು ಹೊಟ್ಟೆಯ ಚರ್ಮಕ್ಕೆ ಎನಾಕ್ಸಪಾರಿನ್ ಚುಚ್ಚುಮದ್ದು ಕೊಡುತ್ತಾರೆ, ಸಾಮಾನ್ಯವಾಗಿ ದಿನಕ್ಕೆ 40 ಮಿಲಿಗ್ರಾಂ, ಕಿಡ್ನಿ ದುರ್ಬಲವಿದ್ದರೆ ಕಡಿಮೆ. ಶುರುವಾಗದಿದ್ದರೆ ಯಾಕೆಂದು ಕೇಳಿ. ಆಪರೇಷನ್ ತಡವಾಗುತ್ತಿದ್ದರೆ ಕಾಲಿನ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸುವುದು ಒಳ್ಳೆಯದು.

ಮೊದಲೆರಡು ದಿನ ಹಿಮೋಗ್ಲೋಬಿನ್ ಮತ್ತೆ ಮತ್ತೆ ನೋಡಬೇಕು. ಬಟ್ಟಲಿನ ಮುಂಭಾಗದ ಹಿಂದೆಯೇ ರಕ್ತನಾಳಗಳ ಒಂದು ಸೇತುವೆ ಇದೆ. ಹೊರಗೆ ಒಂದು ಹನಿ ಕಾಣದೆ ಒಳಗೆ ಬಾಟಲಿಗಟ್ಟಲೆ ಸೋರಬಹುದು. ಆಪರೇಷನ್‌ಗೆ 2ರಿಂದ 4 ಯೂನಿಟ್ ರಕ್ತ ಹೊಂದಿಸಿಡಲು ಹೇಳುತ್ತಾರೆ, ದಾನಿಗಳನ್ನು ಅಂದಿನ ಬೆಳಿಗ್ಗೆ ಹುಡುಕಲು ಹೊರಡಬೇಡಿ.

ಉಪವಾಸದ ವಿಷಯದಲ್ಲಿ ಹಿರಿಯರಿಗೆ ಅನ್ಯಾಯವಾಗುವುದು ಹೆಚ್ಚು. ಗಟ್ಟಿ ಆಹಾರ 6 ಗಂಟೆ, ತಿಳಿನೀರು 2 ಗಂಟೆ ಮುಂಚೆ ನಿಲ್ಲಿಸಿದರೆ ಸಾಕು. ಹಿಂದಿನ ರಾತ್ರಿಯಿಂದ ಹನಿ ನೀರಿಲ್ಲದೆ ಮಲಗಿಸಿ, ಸಂಜೆ “ಇವತ್ತು ಆಗಲಿಲ್ಲ, ನಾಳೆ” ಎಂದರೆ ಕಿಡ್ನಿಯೂ ತಲೆಯೂ ದಣಿಯುತ್ತವೆ. ಪಟ್ಟಿಯಲ್ಲಿ ಎಷ್ಟನೆಯವರು ಎಂದು ಸಿಸ್ಟರ್ ಬಳಿ ಕೇಳಿ, ನೀರು ಕೊಡಬಹುದೇ ಎಂದು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಹಂತ 5: ಐದು ದಾರಿಗಳು

ಎಳೆಯರಲ್ಲಿ ಗುರಿ ಕೀಲನ್ನು ಕೂದಲೆಳೆಯಷ್ಟು ಕರಾರುವಾಕ್ಕಾಗಿ ಜೋಡಿಸುವುದು. ಎಪ್ಪತ್ತೆಂಬತ್ತರವರಲ್ಲಿ ಗುರಿ ಬೇಗ ಹಾಸಿಗೆಯಿಂದ ಎಬ್ಬಿಸುವುದು. ತಿಂಗಳುಗಟ್ಟಲೆ ಮಲಗಿದರೆ ಬರುವ ನ್ಯುಮೋನಿಯಾ, ಬೆನ್ನುಹುಣ್ಣು, ರಕ್ತದ ಹೆಪ್ಪು ಮುರಿತಕ್ಕಿಂತ ಅಪಾಯಕಾರಿ. ಆದ್ದರಿಂದ ಪ್ರತಿ ದಾರಿಯನ್ನೂ ತೂಗುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರಿಂದ ಇವರು ಎಷ್ಟು ಬೇಗ ಎದ್ದು ಕಾಲಿನ ಮೇಲೆ ಭಾರ ಹಾಕಬಹುದು?

ಮೊದಲನೆಯದು, ಆಪರೇಷನ್ ಇಲ್ಲದ ದಾರಿ. ತುಂಡುಗಳು ಸರಿದಿರುವುದು 2 ಮಿಲಿಮೀಟರಿಗಿಂತ ಕಡಿಮೆ, ಗುಂಡು ಚಾವಣಿಯ ಕೆಳಗೆ ಸರಿಯಾಗಿ ಕೂತಿದೆ ಎಂದಾದರೆ ಇದು ಒಳ್ಳೆಯ ದಾರಿಯೇ, ಬಡವರ ದಾರಿಯಲ್ಲ. ಹೃದಯ, ಶ್ವಾಸಕೋಶ ಅರಿವಳಿಕೆ ತಡೆಯದ ಸ್ಥಿತಿಯಲ್ಲಿದ್ದಾಗಲೂ, ಮೊದಲೇ ಹಾಸಿಗೆ ಹಿಡಿದವರಿಗೂ ಇದೇ. ಆದರೆ ಆಪರೇಷನ್ ಬೇಡ ಎಂದರೆ ಮಲಗಿಸಿಡುವುದು ಎಂದಲ್ಲ. ಕಾಲಿಗೆ ತೂಕ ಕಟ್ಟಿ ಆರು ವಾರ ಎಳೆದಿಡುವ ಹಳೆಯ ಪದ್ಧತಿ ಹಿರಿಯರಿಗೆ ಕೆಟ್ಟದ್ದು. ನೋವಿಗೆ ಮದ್ದು ಕೊಟ್ಟು ಕೆಲವೇ ದಿನಗಳಲ್ಲಿ ಕುರ್ಚಿಗೆ ಇಳಿಸಬೇಕು. ಮೊದಲ ತಿಂಗಳು ಹೆಚ್ಚುಕಡಿಮೆ ವಾರಕ್ಕೊಂದು ಎಕ್ಸ್‌ರೇ ಬೇಕು. ಎಡವಟ್ಟು ಆಗುವುದು ಇಲ್ಲೇ: ಎರಡನೆಯ ವಾರ ಗುಂಡು ಒಳಕ್ಕೆ ಜಾರಿರುತ್ತದೆ, ಎಕ್ಸ್‌ರೇ ತೆಗೆದಿರುವುದಿಲ್ಲ, ಗೊತ್ತಾಗುವುದು ಆರನೆಯ ವಾರ.

ಎರಡನೆಯದು, ಸಣ್ಣ ತೂತಿನಿಂದ ಸ್ಕ್ರೂ. ಬೆರಳಗಲದ ಗಾಯ ಮಾಡಿ, ಸಿ-ಆರ್ಮ್ ಎಂಬ ಚಲಿಸುವ ಎಕ್ಸ್‌ರೇ ಯಂತ್ರ ನೋಡುತ್ತ, 6.5 ಅಥವಾ 7.3 ಮಿಲಿಮೀಟರ್ ದಪ್ಪದ ಉದ್ದ ಸ್ಕ್ರೂಗಳನ್ನು ಮುರಿತದ ಅಡ್ಡಲಾಗಿ ಕೂರಿಸುತ್ತಾರೆ. ರಕ್ತಸ್ರಾವ ಅಲ್ಪ. ಸ್ವಲ್ಪ ಸರಿದ, ಇನ್ನಷ್ಟು ಸರಿಯುವ ಭಯವಿರುವ ಮುರಿತಕ್ಕೆ ಇದು ಹೊಂದುತ್ತದೆ. ನೋವು ತಗ್ಗಿ ಎದ್ದು ಕೂರಲು ಆಗುತ್ತದೆ, ಇದರ ದೊಡ್ಡ ಲಾಭ ಅದು. ಬಹಳ ಸರಿದ ತುಂಡುಗಳನ್ನು ಇದು ವಾಪಸು ತರಲಾರದು. ಮೂಳೆ ತೀರಾ ಟೊಳ್ಳಾಗಿದ್ದರೆ ಸ್ಕ್ರೂ ಹಿಡಿತ ಬಿಡುತ್ತದೆ.

ಮೂರನೆಯದು, ತೆರೆದು ಜೋಡಿಸಿ ಪ್ಲೇಟು ಹಾಕುವುದು. ಓ.ಆರ್.ಐ.ಎಫ್. ಎಂದು ಬರೆಯುತ್ತಾರೆ. ಮುಂಭಾಗ ಮುರಿದಿದ್ದರೆ ಹೊಟ್ಟೆಯ ಕೆಳಗಿನಿಂದ ಹೋಗುತ್ತಾರೆ, ಅದರಲ್ಲಿ ಸ್ಟೋಪಾ ಎಂಬ ದಾರಿ ಒಳಗೋಡೆಗೆ ನೇರ ಎದುರಾಗುತ್ತದೆ. ಹಿಂಭಾಗ ಮುರಿದಿದ್ದರೆ ಪೃಷ್ಠದ ಕಡೆಯಿಂದ ಹೋಗುತ್ತಾರೆ, ಅದು ಕೋಕರ್-ಲ್ಯಾಂಗೆನ್‌ಬೆಕ್. 3.5 ಮಿಲಿಮೀಟರ್ ಸ್ಕ್ರೂಗಳ ಬಾಗಿಸಿದ ಪ್ಲೇಟು, ಒಳಗೋಡೆಗೆ ಒತ್ತುಕೊಡುವ ವಿಶೇಷ ಪ್ಲೇಟು ಬಳಸುತ್ತಾರೆ. ಎರಡರಿಂದ ನಾಲ್ಕು ಗಂಟೆಯ ಕೆಲಸ. ತಮ್ಮ ಸ್ವಂತ ಕೀಲು ಉಳಿಯುವುದು ಇದರ ಹೆಚ್ಚುಗಾರಿಕೆ. ಆದರೆ ಸಾಮಾನ್ಯವಾಗಿ 6ರಿಂದ 12 ವಾರ ಆ ಕಾಲಿನ ಮೇಲೆ ಪೂರ್ತಿ ಭಾರ ಹಾಕುವಂತಿಲ್ಲ. ಬೆರಳು ತಾಗಿಸಿ ನಡೆಯಿರಿ ಎಂದು ಕಾಗದದಲ್ಲಿ ಬರೆಯುವುದು ಸುಲಭ. ಎಂಬತ್ತರ ಅಜ್ಜಿಯ ತೋಳಿನಲ್ಲಿ ಅಷ್ಟು ಶಕ್ತಿ ಎಲ್ಲಿ? ಒಂದೋ ಅವರು ಪೂರ್ತಿ ಭಾರ ಹಾಕಿಬಿಡುತ್ತಾರೆ, ಇಲ್ಲ ಹೆದರಿ ಏಳುವುದೇ ಇಲ್ಲ. ನಿರ್ಧರಿಸುವ ಮುಂಚೆ ಇದನ್ನು ಪ್ರಾಮಾಣಿಕವಾಗಿ ಯೋಚಿಸಿ. ಮುಂದೆ ಕೀಲು ಸವೆದು ಬದಲಿಸಬೇಕಾಗಿ ಬರುವುದು ಹಿರಿಯರಲ್ಲಿ ಸುಮಾರು ನಾಲ್ಕೈದು ಜನರಲ್ಲಿ ಒಬ್ಬರಿಗೆ. ಹಿಂಭಾಗದ ದಾರಿಯಲ್ಲಿ ಸಯಾಟಿಕ್ ನರಕ್ಕೆ ಎಳೆತ ಬಿದ್ದು ಪಾದ ಜೋತುಬೀಳುವುದು, ಕೀಲಿನ ಸುತ್ತ ಬೇಡದ ಮೂಳೆ ಬೆಳೆಯುವುದು ಗೊತ್ತಿರುವ ತೊಂದರೆಗಳು.

ನಾಲ್ಕನೆಯದು, ಮುರಿತವನ್ನು ಭದ್ರಪಡಿಸಿ ಅದೇ ಮೇಜಿನ ಮೇಲೆ ಕೀಲನ್ನೂ ಬದಲಿಸುವುದು. ಸರ್ಜನ್‌ಗಳು ಇದನ್ನು ಫಿಕ್ಸ್ ಅಂಡ್ ರಿಪ್ಲೇಸ್ ಎನ್ನುತ್ತಾರೆ. ಚಾವಣಿ ಕುಸಿದಿದ್ದರೆ, ಹಿಂಗೋಡೆ ಪುಡಿಯಾಗಿದ್ದರೆ, ಗುಂಡಿಗೆ ಪೆಟ್ಟಾಗಿದ್ದರೆ, ಕೀಲು ಮೊದಲೇ ಸವೆದಿದ್ದರೆ, ಅಥವಾ ತೊಡೆಮೂಳೆಯ ಕತ್ತೂ ಜೊತೆಯಲ್ಲೇ ಮುರಿದಿದ್ದರೆ ಇದರ ಮಾತು ಬರುತ್ತದೆ. ಬೀಳುವ ಮುಂಚೆ ತಾವೇ ನಡೆದಾಡುತ್ತಿದ್ದ ಹಿರಿಯರಿಗೆ ಇಂಥ ಮುರಿತದಲ್ಲಿ ನಾವು ಮೊದಲು ಚರ್ಚಿಸಬೇಕಾದ ದಾರಿ ಇದು ಎಂಬುದು ನಮ್ಮ ಅಭಿಪ್ರಾಯ. ಕಾರಣ ಒಂದೇ: ಬಹಳ ಜನರಿಗೆ ಮರುದಿನದಿಂದಲೇ ವಾಕರ್ ಹಿಡಿದು ಪೂರ್ತಿ ಭಾರ ಹಾಕಲು ಬಿಡಬಹುದು, ಎರಡನೆಯ ಆಪರೇಷನ್‌ನ ಸಾಧ್ಯತೆಯೂ ತಗ್ಗುತ್ತದೆ.

ಕೆಲಸ ಹೀಗೆ ನಡೆಯುತ್ತದೆ. ಮೊದಲು ಪ್ಲೇಟಿನಿಂದ ಬಟ್ಟಲಿನ ಕಂಬಗಳನ್ನು, ಅಂದರೆ ಅದನ್ನು ಹಿಂದೆ ಮುಂದೆ ಹೊತ್ತ ಮೂಳೆಯ ಭಾಗಗಳನ್ನು, ಅಲುಗದ ಹಾಗೆ ನಿಲ್ಲಿಸುತ್ತಾರೆ. ಇಲ್ಲಿ ಕೂದಲೆಳೆಯ ನಿಖರತೆ ಬೇಕಿಲ್ಲ, ಅಲುಗಬಾರದು ಅಷ್ಟೆ. ಕತ್ತರಿಸಿ ತೆಗೆದ ಗುಂಡನ್ನು ಎಸೆಯುವುದಿಲ್ಲ; ಅದನ್ನೇ ಅರೆದು ಒಳಗೋಡೆಯ ಕುಳಿಗಳಿಗೆ ತುಂಬುತ್ತಾರೆ. ಅದರ ಮೇಲೆ ಬಹಳ ತೂತುಗಳಿರುವ, ಸ್ಪಂಜಿನಂಥ ಮೈಯ ಲೋಹದ ಬಟ್ಟಲನ್ನು ಹಲವು ಸ್ಕ್ರೂಗಳಿಂದ ಒಳ್ಳೆಯ ಮೂಳೆಗೆ ಬಿಗಿಯುತ್ತಾರೆ. ಮೂಳೆ ಅಷ್ಟೂ ಉಳಿದಿಲ್ಲದಿದ್ದರೆ ಲೋಹದ ಪಂಜರ, ಅಂದರೆ ಕೇಜ್, ಇಟ್ಟು ಅದರೊಳಗೆ ಸಿಮೆಂಟಿನಿಂದ ಬಟ್ಟಲು ಕೂರಿಸುತ್ತಾರೆ. ಹೊಸ ಕೀಲು ಜಾರುವುದು ಇದರ ಮುಖ್ಯ ತೊಂದರೆಯಾದ್ದರಿಂದ ಡ್ಯುಯಲ್ ಮೊಬಿಲಿಟಿ ಎಂಬ, ಗುಂಡಿನ ಮೇಲೊಂದು ದೊಡ್ಡ ಗುಂಡು ತಿರುಗುವ ಬಗೆಯ ಕೀಲನ್ನು ಹಲವರು ಬಳಸುತ್ತಾರೆ. ಅದು ಸಿಗುತ್ತದೆಯೇ ಎಂದು ಕೇಳಿ. ಸಾಮಾನ್ಯ ಕೀಲು ಬದಲಾವಣೆಗಿಂತ ಇದು ಉದ್ದದ, ರಕ್ತ ಹೆಚ್ಚು ಹೋಗುವ ಆಪರೇಷನ್. ಸೋಂಕಿನ ಅಪಾಯವೂ ಹೆಚ್ಚು. ಕಂಬಗಳನ್ನು ಭದ್ರಪಡಿಸದೆ ಬರಿಯ ಹೊಸ ಬಟ್ಟಲನ್ನು ಕೂರಿಸಿದರೆ ಕೆಲವು ತಿಂಗಳಲ್ಲಿ ಸಡಿಲವಾಗಿ ಒಳಗೆ ಸರಿಯುತ್ತದೆ. ಹೀಗಾಗಿ “ಬಟ್ಟಲನ್ನು ಯಾವುದರ ಆಧಾರದ ಮೇಲೆ ನಿಲ್ಲಿಸುತ್ತೀರಿ?” ಎಂಬ ಪ್ರಶ್ನೆ ಕೇಳಲೇಬೇಕು.

ಐದನೆಯದು, ಈಗ ಸುಮ್ಮನಿದ್ದು, ಮುರಿತ ಬೆಸೆದ ಮೇಲೆ ಕೀಲು ಬದಲಿಸುವುದು, ಸಾಮಾನ್ಯವಾಗಿ 3ರಿಂದ 6 ತಿಂಗಳ ನಂತರ. ಈಗ ದೇಹ ದೊಡ್ಡ ಆಪರೇಷನ್ ತಡೆಯದು, ಮುಂದೆ ತಡೆದೀತು ಎನ್ನುವವರಿಗೆ. ಮೂಳೆ ಬೆಸೆದುಕೊಂಡರೆ ಆಗ ಕೆಲಸ ಸರಳ. ಬೆಸೆಯದಿದ್ದರೆ ಇನ್ನೂ ಜಟಿಲ. ನಡುವಿನ ತಿಂಗಳುಗಳ ನೋವು, ಕರಗುವ ಮಾಂಸಖಂಡ ಲೆಕ್ಕಕ್ಕಿರಲಿ.

ಹಂತ 6: ಸಹಿ ಹಾಕುವ ಮುಂಚೆ

ಸಂಮತಿಪತ್ರ ಮರಾಠಿ ಅಥವಾ ಇಂಗ್ಲಿಷಿನಲ್ಲಿರುತ್ತದೆ. ಆಪರೇಷನ್ ಆಗುವವರಿಗೆ ಪ್ರಜ್ಞೆ ಇದ್ದರೆ ಸಹಿ ಅವರದ್ದು, ಮಗನದ್ದಲ್ಲ. ಕನ್ನಡದಲ್ಲಿ ಓದಿ ಹೇಳಿ, ಅವರನ್ನೇ ಕೇಳಿ. ಯಾವ ದಾರಿ, ಯಾಕೆ; ಎಂದಿನಿಂದ ಎಷ್ಟು ಭಾರ ಹಾಕಬಹುದು; ಒಳಗೆ ಹೋದ ಮೇಲೆ ಯೋಜನೆ ಬದಲಾಗಬಹುದೇ; ಐ.ಸಿ.ಯು. ಹಾಸಿಗೆ ಕಾದಿರಿಸಿದೆಯೇ. ಉತ್ತರಗಳನ್ನು ಬರೆದಿಟ್ಟುಕೊಳ್ಳಿ.

ಹಂತ 7: ವಾರ್ಡಿನಲ್ಲಿ

ಆಪರೇಷನ್ ಆದ ಎರಡು ಮೂರು ದಿನದಲ್ಲಿ ಹಿರಿಯರು ಇದ್ದಕ್ಕಿದ್ದಂತೆ ಗೊಂದಲಕ್ಕೆ ಬೀಳಬಹುದು. ಊರಿನ ತೋಟದಲ್ಲಿದ್ದೇನೆ ಎನ್ನುತ್ತಾರೆ, ನಳಿಕೆ ಕಿತ್ತುಕೊಳ್ಳುತ್ತಾರೆ, ಇಲ್ಲವೇ ಸುಮ್ಮನೆ ಮಂಕಾಗುತ್ತಾರೆ. ಇದಕ್ಕೆ ಡೆಲಿರಿಯಮ್ ಎನ್ನುತ್ತಾರೆ, ಅರಳುಮರಳಲ್ಲ. ನೋವು, ಮಲಬದ್ಧತೆ, ಮೂತ್ರದ ಸೋಂಕು, ನೀರು ಕಡಿಮೆಯಾಗುವುದು, ನಿದ್ದೆಗೇಡು ಇದರ ಕಾರಣಗಳು. ಸುತ್ತ ಮರಾಠಿ, ಹಿಂದಿ, ಮಲಯಾಳಂ ಮಾತ್ರ ಕೇಳಿಸುವಾಗ ಕನ್ನಡವಷ್ಟೇ ಬಲ್ಲ ಜೀವಕ್ಕೆ ಗೊಂದಲ ಇಮ್ಮಡಿಯಾಗುತ್ತದೆ. ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ಟು ತಂದುಕೊಡಿ. ಹಗಲಿನಲ್ಲಿ ಒಬ್ಬರಾದರೂ ಕನ್ನಡದಲ್ಲಿ ಮಾತಾಡುತ್ತ ಪಕ್ಕದಲ್ಲಿರಿ. ರಾತ್ರಿ ಇರಲಾಗದಿದ್ದರೆ ತಲೆದೆಸೆಯಲ್ಲಿ ದೊಡ್ಡ ಅಕ್ಷರದ ಚೀಟಿ ಅಂಟಿಸಿ: ನೋವು ಅಂದರೆ ದುಖತಯ್, ನೀರು ಅಂದರೆ ಪಾಣಿ, ಉಚ್ಚೆ ಅಂದರೆ ಲಘ್ವಿ, ಮಗ್ಗುಲು ತಿರುಗಿಸು ಅಂದರೆ ಕೂಸ್ ಬದಲಾ, ಜುಮ್ಮೆನ್ನುತ್ತೆ ಅಂದರೆ ಮುಂಗ್ಯಾ ಯೇತಾತ್, ಉಸಿರು ಕಟ್ಟುತ್ತೆ ಅಂದರೆ ದಮ್ ಲಾಗತೋ. ಕನ್ನಡ ಮಾತನ್ನು ದೇವನಾಗರಿಯಲ್ಲೂ ಬರೆದರೆ ಸಿಸ್ಟರ್‌ಗೂ ವಾರ್ಡಿನ ಆಯಾ ಆದ ಮಾವಶಿಗೂ ಓದಲು ಬರುತ್ತದೆ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ದಿಂಬಿಡಿ. ಹಿಮ್ಮಡಿಯ ಹುಣ್ಣು ಒಂದು ರಾತ್ರಿಯಲ್ಲಿ ಶುರುವಾಗಿ ತಿಂಗಳುಗಟ್ಟಲೆ ಕಾಡುತ್ತದೆ. ಮೂತ್ರದ ನಳಿಕೆಯನ್ನು ಒಂದೆರಡು ದಿನದಲ್ಲಿ ತೆಗೆಸಿ. ಮರುದಿನವೇ ಹಾಸಿಗೆಯಂಚಿಗೆ ಕೂರಿಸಲು ಫಿಸಿಯೋಥೆರಪಿಸ್ಟ್ ಬರುತ್ತಾರೆ. ನೋವಿನ ಮದ್ದು ಅದಕ್ಕೆ ಅರ್ಧ ಗಂಟೆ ಮುಂಚೆ ಸಿಗುವಂತೆ ನೋಡಿಕೊಳ್ಳಿ.

ಹಂತ 8: ಮನೆಗೆ

ಡಿಸ್ಚಾರ್ಜ್‌ಗೆ ಎರಡು ದಿನ ಮುಂಚೆ ಮನೆ ಸಜ್ಜಾಗಿರಲಿ. ಚಾಳ್‌ನಲ್ಲಿ ಕೊನೆಯ ಸಾಲಿನ ಸಾರ್ವಜನಿಕ ಪಾಯಿಖಾನೆಗೆ ನಡೆಸುವುದು ಸಾಧ್ಯವಿಲ್ಲ, ಕೋಣೆಯಲ್ಲೇ ಕಮೋಡ್ ಕುರ್ಚಿ ಇಡಿ. ಕೂರುವ ಎತ್ತರ 18ರಿಂದ 20 ಅಂಗುಲ, ಕೂತಾಗ ಮೊಣಕಾಲು ಸೊಂಟಕ್ಕಿಂತ ಮೇಲಿರಬಾರದು. ವಾಕರಿನ ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು. ಬಚ್ಚಲಲ್ಲಿ ಜಾರದ ಚಾಪೆ, ಗೋಡೆಗೆ ಹಿಡಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು.

ಕೀಲು ಬದಲಿಸಿದ್ದರೆ, ಅದರಲ್ಲೂ ಹಿಂಭಾಗದಿಂದ ಮಾಡಿದ್ದರೆ, ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಮಡಚಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದವನ್ನು ಒಳಗೆ ತಿರುಗಿಸಬಾರದು. ನೆಲದಲ್ಲಿ ಕೂತು ಊಟ, ಪೂಜೆ, ತರಕಾರಿ ಹೆಚ್ಚುವುದು ನಿಲ್ಲಬೇಕು. ದೇವರ ಮಣೆಯನ್ನು ಮೇಜಿನ ಮೇಲಕ್ಕೆ ಏರಿಸಿ. ಹೇಳಿದರೆ ಕೇಳುವುದಿಲ್ಲ ಎಂದು ಬೈಯುವುದಕ್ಕಿಂತ ಅವರು ದಿನಾ ಮಾಡುವ ಕೆಲಸವನ್ನು ಅವರ ಎತ್ತರಕ್ಕೆ ತಂದುಕೊಡುವುದು ನಾಟುತ್ತದೆ.

ಹೆಪ್ಪು ತಡೆಯುವ ಮದ್ದು ಮನೆಯಲ್ಲೂ ಮುಂದುವರಿಯುತ್ತದೆ, ಸಾಮಾನ್ಯವಾಗಿ ಒಟ್ಟು 4ರಿಂದ 5 ವಾರ. ಗಾಯ ವಾಸಿಯಾಯಿತೆಂದು ನಡುವೆ ಬಿಡಬೇಡಿ. ಮೀನಖಂಡ ಊದಿ ನೋಯುವುದು, ಹಠಾತ್ ಏದುಸಿರು, ಹತ್ತು ದಿನದ ಮೇಲೂ ಗಾಯ ಸೋರುವುದು, ಕಾಲು ಇದ್ದಕ್ಕಿದ್ದಂತೆ ಗಿಡ್ಡವಾಗುವುದು, ಪಾದ ಎತ್ತಲು ಬಾರದಿರುವುದು: ಇವುಗಳಲ್ಲಿ ಒಂದು ಕಂಡರೂ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಹಂತ 9: ಸವೆದ ಮೂಳೆಗೆ ಮದ್ದು

ನಿಂತ ಎತ್ತರದಿಂದ ಬಿದ್ದು ಬಟ್ಟಲು ಮುರಿಯಿತೆಂದರೆ ಮೂಳೆ ಸವೆತ, ಅಂದರೆ ಆಸ್ಟಿಯೋಪೊರೋಸಿಸ್, ಇದ್ದಂತೆಯೇ. ಪ್ಲೇಟು ಹಾಕಿದವರು ಇದರ ಮಾತೆತ್ತದಿದ್ದರೆ ನೀವೇ ಎತ್ತಿ. ವಿಟಮಿನ್ ಡಿ, ಕ್ಯಾಲ್ಸಿಯಂ, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಕೇಳಿ. ವಿಟಮಿನ್ ಡಿ ಕಡಿಮೆಯಿದ್ದರೆ ವಾರಕ್ಕೆ 60,000 ಯೂನಿಟ್ಟಿನ ಒಂದು ಗುಳಿಗೆ, ಸಾಮಾನ್ಯವಾಗಿ 8 ವಾರ. ಇದು ವಾರಕ್ಕೊಂದು, ದಿನಕ್ಕೊಂದಲ್ಲ. ದಿನಾ ನುಂಗಿಸಿ ವಿಷವಾಗಿಸಿಕೊಂಡವರಿದ್ದಾರೆ. ವರ್ಷಕ್ಕೊಮ್ಮೆ 5 ಮಿಲಿಗ್ರಾಂ ಜೊಲೆಡ್ರೊನಿಕ್ ಆಮ್ಲದ ಡ್ರಿಪ್ ಕೊಡುವುದಾದರೆ ಮುರಿತದ ಎರಡು ವಾರದ ನಂತರ, ವಿಟಮಿನ್ ಡಿ ಸರಿಪಡಿಸಿದ ಮೇಲೆ, ಕಿಡ್ನಿ ಚೆನ್ನಾಗಿದ್ದರೆ. ಕಿಡ್ನಿ ದುರ್ಬಲವಿದ್ದವರಿಗೆ ಆರು ತಿಂಗಳಿಗೊಮ್ಮೆ 60 ಮಿಲಿಗ್ರಾಂ ಡೆನೊಸುಮಾಬ್ ಚುಚ್ಚುಮದ್ದು ಕೊಡುವುದುಂಟು. ಅದನ್ನು ಶುರುಮಾಡಿದರೆ ಮುಂದಿನ ತಾರೀಖನ್ನು ಕ್ಯಾಲೆಂಡರಿನಲ್ಲಿ ಅಂದೇ ಗುರುತಿಸಿ. ಬದಲಿ ಮದ್ದಿಲ್ಲದೆ ನಡುವೆ ಬಿಟ್ಟರೆ ಬೆನ್ನುಮೂಳೆಗಳು ಒಂದರ ಹಿಂದೊಂದು ಕುಸಿಯಬಹುದು. ಊರಿಗೆ ಹೋಗುವವರು ಆ ಚುಚ್ಚುಮದ್ದು ಅಲ್ಲಿ ಸಿಗುತ್ತದೆಯೇ ಎಂದು ಹೊರಡುವ ಮುಂಚೆಯೇ ವಿಚಾರಿಸಿಕೊಳ್ಳಿ.